ಬಂಡೆಯ ಸಾಕ್ಷ್ಯ: ಬುಟ್ಟಿಜರಿಯೂ ಬಂದಳಿಕೆಯೂ



ಮುಂಗಾರು ಕಾಲಿಟ್ಟು ಕೆಲವು ವಾರಗಳು ಕಳೆಯುವಷ್ಟರಲ್ಲಿ ಕಾಸರಗೋಡು, ವಯನಾಡು ಸೀಮೆಗಳ ಹಳೆಯ ಮಾವು, ಹಲಸಿನ ಮರಗಳ ಮೇಲೆ ಒಂದು ಬದಲಾವಣೆ ಕಾಣಿಸಿಕೊಳ್ಳುತ್ತದೆ. ಬೇಸಗೆಯುದ್ದಕ್ಕೂ ಕೊಂಬೆಗಳ ಕವಲಿನಲ್ಲಿ ಹರಿದ ಕಾಗದದ ಬುಟ್ಟಿಗಳಂತೆ ಕಂದಿ ಕುಳಿತಿದ್ದ ಗುಂಪುಗಳಿಂದ, ಗರಿಯಂತೆ ಆಳವಾಗಿ ಸೀಳಿದ ಉದ್ದನೆಯ ಹಸಿರೆಲೆಗಳು ಮೇಲೇಳುತ್ತವೆ. ಶಾಲೆಯ ಅಂಗಳದಲ್ಲಿ ಅಂಥದೊಂದು ಮರವಿದ್ದರೆ ಮಕ್ಕಳು ಕೇಳಿಯೇ ಕೇಳುತ್ತಾರೆ: “ಮಾಷ್ಟ್ರೇ, ಆ ಗಿಡ ಮರದ ರಸ ಹೀರಿ ಬದುಕುವುದಾ?”

ಈ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ “ಹೌದು, ಅದೊಂದು ಬಂದಳಿಕೆ” ಎಂಬುದು. ಮರದ ಮೇಲೆ ಬೆಳೆದದ್ದೆಲ್ಲ ಮರವನ್ನು ತಿಂದೇ ಬೆಳೆದಿರಬೇಕೆಂಬ ಗ್ರಹಿಕೆ ಜನರಲ್ಲಿ ಬಹಳ ಹಿಂದಿನಿಂದ ಬೇರೂರಿದೆ. ತೋಟದ ಕೆಲಸಕ್ಕೆ ಬಂದವರು ಕತ್ತಿಯಿಂದ ಅದನ್ನು ಕೆತ್ತಿ ಕೆಳಕ್ಕೆ ಹಾಕುವುದೂ ಇದೇ ನಂಬಿಕೆಯಿಂದ. ಉತ್ತರ ಚಿಕ್ಕದು, ಹೇಳಿ ಮುಗಿಸುವುದೂ ಸುಲಭ. ಆದರೆ ಅದು ತಪ್ಪು ಉತ್ತರ. ಆ ತಪ್ಪನ್ನು ಕಂಠಪಾಠದಿಂದ ತಿದ್ದುವುದಕ್ಕಿಂತ ಮಕ್ಕಳೇ ಕಣ್ಣಾರೆ ಕಂಡು ತಿದ್ದಿಕೊಳ್ಳುವಂತೆ ಮಾಡುವುದು ಹೇಗೆಂಬುದನ್ನು ಈ ಉಪನ್ಯಾಸದಲ್ಲಿ ವಿಚಾರಿಸಲಾಗಿದೆ.

ಮೊದಲು ಗಿಡದ ಪರಿಚಯ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಡ್ರೈನೇರಿಯ ಕ್ವೆರ್ಸಿಫೋಲಿಯ. ಇತ್ತೀಚಿನ ಕೆಲವು ಗ್ರಂಥಗಳು ಇದನ್ನು ಅಗ್ಲಾವೊಮಾರ್ಫ ಎಂಬ ಕುಲಕ್ಕೆ ಸೇರಿಸುತ್ತವೆ. ಶಾಲೆಯ ಮಟ್ಟದಲ್ಲಿ ಆ ಚರ್ಚೆ ಅನಾವಶ್ಯಕ. ಭಾರತ, ಶ್ರೀಲಂಕಾಗಳಿಂದ ಹಿಡಿದು ಆಗ್ನೇಯ ಏಷ್ಯಾ, ನ್ಯೂಗಿನಿ, ಉತ್ತರ ಆಸ್ಟ್ರೇಲಿಯಾದವರೆಗೆ ಉಷ್ಣವಲಯದ ಮರಗಳ ಮೇಲೂ ಬಂಡೆಗಳ ಮೇಲೂ ಇದು ಬೆಳೆಯುತ್ತದೆ. ಪಶ್ಚಿಮ ಘಟ್ಟದ ಇಳಿಜಾರು, ಕರಾವಳಿಯ ತೋಟಗಳು ಇದಕ್ಕೆ ಒಗ್ಗಿದ ನೆಲೆಗಳು. ಈ ಉಪನ್ಯಾಸದಲ್ಲಿ ಇದನ್ನು ಬುಟ್ಟಿಜರಿ ಎಂದು ಕರೆಯಲಾಗಿದೆ. ಇದು ಅನುಕೂಲಕ್ಕಾಗಿ ಇಟ್ಟುಕೊಂಡ ಹೆಸರು. ತಮ್ಮ ಊರಿನಲ್ಲಿ ಬೇರೆ ಹೆಸರು ರೂಢಿಯಲ್ಲಿದ್ದರೆ ಅದನ್ನೇ ಬಳಸಬೇಕು.

ಕ್ವೆರ್ಸಿಫೋಲಿಯ ಎಂದರೆ ಓಕ್ ಮರದ ಎಲೆಯಂಥ ಎಲೆಯುಳ್ಳದ್ದು ಎಂದರ್ಥ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಇದಕ್ಕೆ ಪಾಲಿಪೋಡಿಯಂ ಕ್ವೆರ್ಸಿಫೋಲಿಯಂ ಎಂದು ಹೆಸರಿಟ್ಟನು. ಮುಂದೆ 1841ರಲ್ಲಿ ಜಾನ್ ಸ್ಮಿತ್ ಎಂಬ ಸಸ್ಯಶಾಸ್ತ್ರಜ್ಞನು ಇದನ್ನು ಡ್ರೈನೇರಿಯ ಕುಲಕ್ಕೆ ಸೇರಿಸಿದನು. ಲಿನೇಯಸನ ನಾಡಿನಲ್ಲಿ ಓಕ್ ಮರವನ್ನು ಕಾಣದವರಿಲ್ಲ. ನಮ್ಮ ಮಕ್ಕಳಲ್ಲಿ ಕಂಡವರಿಲ್ಲ. ಆದುದರಿಂದ “ಓಕ್ ಎಲೆಯಂತೆ” ಎಂಬ ಹೋಲಿಕೆಯನ್ನು ಪಾಠದಲ್ಲಿ ಬಿಟ್ಟುಬಿಡುವುದೇ ಲೇಸು. ಕಾಣದ ಒಂದನ್ನು ತೋರಿಸಿ ಕಂಡ ಇನ್ನೊಂದನ್ನು ವಿವರಿಸುವ ಕ್ರಮ ಎಷ್ಟೋ ಪಾಠಗಳಲ್ಲಿ ನುಸುಳಿಕೊಂಡಿದೆ. ಅಂಚಿನಲ್ಲಿ ಅಷ್ಟಷ್ಟು ತಗ್ಗುಬಿದ್ದ ಅಗಲವಾದ ಎಲೆ ಎಂದರೆ ಮಗುವಿಗೆ ಸಾಕು.

ಈ ಗಿಡದಲ್ಲಿ ಮಕ್ಕಳು ಮೊದಲು ಗುರುತಿಸಬೇಕಾದುದು ಎರಡು ಬಗೆಯ ಎಲೆಗಳನ್ನು. ಒಂದು ಬಗೆಯದು ಮೇಲೆ ಹೇಳಿದ ಉದ್ದನೆಯ ಹಸಿರೆಲೆ. ಅದಕ್ಕೆ ತೊಟ್ಟು ಇದೆ, ಸಾಧಾರಣವಾಗಿ ಅರ್ಧ ಮೀಟರಿನಿಂದ ಒಂದು ಮೀಟರಿನವರೆಗೆ ಉದ್ದವಾಗುತ್ತದೆ, ನಡುದಂಡಿನ ಸಮೀಪದವರೆಗೂ ಸೀಳುಸೀಳಾಗಿರುತ್ತದೆ. ಬಿಸಿಲನ್ನು ಹಿಡಿದು ಆಹಾರ ತಯಾರಿಸುವ ಕೆಲಸವೂ ಸಂತಾನವನ್ನು ಹರಡುವ ಕೆಲಸವೂ ಇದರದೇ. ಇನ್ನೊಂದು ಬಗೆಯ ಎಲೆ ಗಿಡ್ಡ, ಅಗಲ, ತೊಟ್ಟಿಲ್ಲದ್ದು. ಕಾಂಡಕ್ಕೆ ಒತ್ತಿಕೊಂಡು, ಮೇಲಕ್ಕೆ ಬಾಯ್ದೆರೆದ ಬೊಗಸೆಯಂತೆ ನಿಲ್ಲುತ್ತದೆ. ಹುಟ್ಟಿದ ಸ್ವಲ್ಪ ಕಾಲ ಮಾತ್ರ ಅದು ಹಸಿರು. ಆಮೇಲೆ ಒಣಗಿ ಕಂದುಬಣ್ಣಕ್ಕೆ ತಿರುಗುತ್ತದೆ, ನರಗಳು ಎದ್ದು ಕಾಣುತ್ತವೆ, ಮುಟ್ಟಿದರೆ ಕಾಗದದಂತೆ ಸದ್ದಾಗುತ್ತದೆ. ಆದರೂ ಉದುರಿ ಬೀಳುವುದಿಲ್ಲ.

ಒಣಗಿದ ಎಲೆಯನ್ನು ಗಿಡ ಏಕೆ ಉಳಿಸಿಕೊಂಡಿದೆ? ಪಾಠ ಇಲ್ಲಿಂದ ಬಿಗಿಗೊಳ್ಳುತ್ತದೆ. ಉಳಿದ ಗಿಡಮರಗಳ ಎಲೆ ಒಣಗಿದರೆ ಉದುರಿಹೋಗುವುದು ಮಕ್ಕಳಿಗೆ ಗೊತ್ತು. ಇಲ್ಲಿ ಮಾತ್ರ ಸತ್ತ ಎಲೆಗೆ ಒಂದು ಉದ್ಯೋಗವಿದೆ. ಮೇಲಿನಿಂದ ಉದುರಿದ ಮಾವಿನ ಎಲೆ, ತೊಗಟೆಯ ಚೂರು, ಹೂವಿನ ಪುಡಿ, ಗಾಳಿ ತಂದ ಧೂಳು, ಹಕ್ಕಿಯ ಹಿಕ್ಕೆ, ಸತ್ತ ಕೀಟ, ಮಳೆಯ ನೀರು ಎಲ್ಲವೂ ಆ ಬೊಗಸೆಯೊಳಗೆ ಸೇರುತ್ತವೆ. ಸೇರಿದ್ದು ಕೊಳೆತು ಕಪ್ಪು ಗೊಬ್ಬರವಾಗುತ್ತದೆ. ಗಿಡದ ಬೇರುಗಳು ಆ ಗೊಬ್ಬರದೊಳಕ್ಕೆ ಹರಡಿ ಅಲ್ಲಿನ ನೀರನ್ನೂ ಲವಣಗಳನ್ನೂ ಹೀರುತ್ತವೆ. ನೆಲದಿಂದ ಮೂವತ್ತು ಅಡಿ ಮೇಲೆ, ಒಂದು ಹಿಡಿ ಮಣ್ಣೂ ಇಲ್ಲದ ಜಾಗದಲ್ಲಿ, ಈ ಗಿಡ ತನಗೆ ಬೇಕಾದಷ್ಟು ಮಣ್ಣನ್ನು ತಾನೇ ಕೂಡಿಹಾಕಿಕೊಳ್ಳುತ್ತದೆ. ಹಳೆಯ ಬುಟ್ಟಿಗಳ ಮೇಲೆ ಹೊಸ ಬುಟ್ಟಿಗಳು ಮೂಡುತ್ತ ವರ್ಷದಿಂದ ವರ್ಷಕ್ಕೆ ಗುಂಪು ದಪ್ಪವಾಗುತ್ತದೆ. ಇರುವೆಗಳು ಅದರಲ್ಲಿ ಗೂಡುಕಟ್ಟುತ್ತವೆ. ಅವು ಹೊತ್ತು ತಂದು ಬಿಟ್ಟದ್ದೂ ಗೊಬ್ಬರಕ್ಕೇ ಸೇರುತ್ತದೆ.

ಎಲೆಗಳೆಲ್ಲ ಹೊರಡುವುದು ಬೆರಳಿಗಿಂತ ದಪ್ಪವಾದ, ತೊಗಟೆಯ ಮೇಲೆ ತೆವಳುವ ಒಂದು ಕಾಂಡದಿಂದ. ನೋಡಿದವರು ಅದನ್ನು ಗೆಡ್ಡೆ ಎನ್ನುವುದುಂಟು. ಅದರ ಮೈತುಂಬ ಕಂದುಬಣ್ಣದ ಹೊಟ್ಟಿನಂಥ ಶಲ್ಕಗಳು ಒತ್ತಾಗಿರುವುದರಿಂದ ದೂರಕ್ಕೆ ಅದು ಯಾವುದೋ ಪ್ರಾಣಿಯ ಕೂದಲು ತುಂಬಿದ ಕಾಲಿನಂತೆ ಕಾಣುತ್ತದೆ. ಬೇಸಗೆಯಲ್ಲಿ ಉದ್ದನೆಯ ಎಲೆಗಳ ಸೀಳುಗಳು ಒಂದೊಂದಾಗಿ ಕಳಚಿ ಬಿದ್ದು ನಡುದಂಡುಗಳಷ್ಟೇ ಕಡ್ಡಿಗಳಂತೆ ನಿಲ್ಲುತ್ತವೆ. ಗಿಡ ಸತ್ತಿತೆಂದು ಮಕ್ಕಳು ತಿಳಿಯುವ ಕಾಲ ಇದು. ಈ ದಪ್ಪ ಕಾಂಡದಲ್ಲಿ ಕೂಡಿಟ್ಟ ನೀರು, ಆಹಾರಗಳ ಬಲದಿಂದ ಅದು ಮುಂದಿನ ಮಳೆಯವರೆಗೂ ಕಾದಿರುತ್ತದೆ.

ಇಷ್ಟನ್ನು ಹೇಳಿದ ಮೇಲೂ ಚುರುಕಾದ ವಿದ್ಯಾರ್ಥಿಯೊಬ್ಬನು ಎದ್ದು, “ಬುಟ್ಟಿಯಿಂದಲೂ ತಿನ್ನಬಹುದು, ಮರದಿಂದಲೂ ಹೀರಬಹುದಲ್ಲ?” ಎಂದು ಕೇಳಬಹುದು. ಕೇಳಬೇಕು ಕೂಡ. ಬುಟ್ಟಿಯ ವಿವರಣೆಯಿಂದ ಗಿಡಕ್ಕೆ ಬೇರೆ ಆಹಾರಮೂಲವಿದೆಯೆಂದು ಸಿದ್ಧವಾಯಿತೇ ಹೊರತು, ಮರದಿಂದ ಅದು ಏನನ್ನೂ ತೆಗೆದುಕೊಳ್ಳುವುದಿಲ್ಲವೆಂದು ಸಿದ್ಧವಾಗಲಿಲ್ಲ. ಈ ಆಕ್ಷೇಪವನ್ನು ಗದರಿಸಿ ಕೂರಿಸಿದರೆ ವಿಜ್ಞಾನದ ಪಾಠ ಅಲ್ಲಿಗೇ ನಿಂತಂತೆ.

ಇದಕ್ಕೆ ಉತ್ತರ ಕೊಡುವುದು ಬಂಡೆ. ಮರದ ಮೇಲೆ ಕಂಡ ಅದೇ ಗಿಡ ಅದೇ ಊರಿನ ಮುರಕಲ್ಲಿನ ಕಟ್ಟೆಯ ಮೇಲೆ, ಹೊಳೆಬದಿಯ ಹೆಬ್ಬಂಡೆಯ ನೆತ್ತಿಯ ಮೇಲೆ ಅಷ್ಟೇ ಸೊಂಪಾಗಿ ಬೆಳೆಯುತ್ತದೆ. ಎಲೆಗಳು ಅವೇ, ಬುಟ್ಟಿಗಳು ಅವೇ, ರೋಮಭರಿತ ಕಾಂಡವೂ ಅದೇ. ಬಂಡೆಯಲ್ಲಿ ಹರಿಯುವ ರಸವಾವುದು? ಹೀರುವುದಕ್ಕೆ ಅಲ್ಲಿ ಏನಿದೆ? ಮರ ಸತ್ತು ಬೋಳಾಗಿ ನಿಂತ ಮೇಲೂ ಅದರ ಮೇಲಿನ ಬುಟ್ಟಿಜರಿ ಹಸಿರಾಗಿ ಉಳಿದಿರುವುದನ್ನು ಕಾಣಬಹುದು. ಜೀವಂತ ಮರ, ಸತ್ತ ಮರ, ಕಲ್ಲು: ಈ ಮೂರೂ ಅದಕ್ಕೆ ಕಾಲೂರುವ ಜಾಗಗಳಾದರೆ ಸಾಕು. ಮರವನ್ನು ಅಪ್ಪಿಕೊಂಡು ಬೆಳೆದರೂ ಅದರ ರಸವನ್ನು ಹೀರದ ಇಂಥ ಸಸ್ಯಗಳಿಗೆ ಕನ್ನಡದಲ್ಲಿ ಅಪ್ಪುಗಿಡ ಎಂಬ ಸೊಗಸಾದ ಪದವಿದೆ. ಮಲೆನಾಡಿನ ಸೀತಾಳೆ ದಂಡೆಯೂ ಅಪ್ಪುಗಿಡವೇ.

ಈಗ ಬಂದಳಿಕೆಯನ್ನು ನೋಡಬೇಕು. ಬದನಿಕೆ ಎಂದೂ ಕರೆಯಲಾಗುವ ಈ ಸಸ್ಯ ಮಾವು, ಬೇವು ಮೊದಲಾದ ಮರಗಳ ಮೇಲೆ ಬಯಲುಸೀಮೆಯಲ್ಲೂ ಧಾರಾಳವಾಗಿ ಕಾಣುತ್ತದೆ. ಸೊಲ್ಲಾಪುರದ ಕಡೆಯ ಶಾಲೆಗೂ ಆದವಾನಿಯ ಕಡೆಯ ಶಾಲೆಗೂ ಇದು ಎಟಕುವ ಉದಾಹರಣೆ. ಇದರ ಎಲೆಯೂ ಹಸಿರು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. “ಹಸಿರಾಗಿದ್ದರೆ ಸ್ವಾವಲಂಬಿ, ಹಸಿರಿಲ್ಲದಿದ್ದರೆ ಪರಾವಲಂಬಿ” ಎಂಬ ಸುಲಭಸೂತ್ರವನ್ನು ಮಕ್ಕಳಿಗೆ ಕಲಿಸಿದ್ದರೆ ಬಂದಳಿಕೆಯ ಮುಂದೆ ಅದು ಸೋಲುತ್ತದೆ. ಪತ್ರಹರಿತ್ತು ಇರುವುದರಿಂದ ಬಂದಳಿಕೆ ದ್ಯುತಿಸಂಶ್ಲೇಷಣೆಯನ್ನು ತಾನೇ ನಡೆಸುತ್ತದೆ. ಆದರೆ ಅದಕ್ಕೆ ಬೇಕಾದ ನೀರು, ಲವಣಗಳಿಗಾಗಿ ಮರದ ನಾಳಗಳೊಳಕ್ಕೆ ತನ್ನ ಹೀರುಬೇರನ್ನು ಇಳಿಸುತ್ತದೆ. ಇದನ್ನು ಅರೆಪರಾವಲಂಬಿ ಎನ್ನುವುದು ಸರಿ.

ಬಂದಳಿಕೆಯ ಬೀಜ ಅಂಟು. ಹಣ್ಣನ್ನು ತಿಂದ ಚಿಕ್ಕ ಹಕ್ಕಿಗಳು ಹಿಕ್ಕೆಯೊಡನೆ ಅದನ್ನು ಕೊಂಬೆಗೆ ಅಂಟಿಸಿಹೋಗುತ್ತವೆ. ಮೊಳೆತ ಬೀಜ ತೊಗಟೆಯನ್ನು ಭೇದಿಸಿ ಒಳಹೊಕ್ಕು ಮರದ ಕಟ್ಟಿಗೆಯೊಡನೆ ಒಂದಾಗುತ್ತದೆ. ಕೂಡಿದ ಜಾಗದಲ್ಲಿ ಕೊಂಬೆ ಗಂಟುಗಟ್ಟಿ ಊದಿರುತ್ತದೆ. ಆ ಗಂಟಿನಿಂದಾಚೆಗೆ ಕೊಂಬೆಯ ತುದಿ ಸೊರಗಿ ಕೊನೆಗೆ ಒಣಗುವುದೂ ಉಂಟು. ಬಂಡೆಯ ಮೇಲೆ ಬಂದಳಿಕೆ ಬೆಳೆದುದನ್ನು ಮಾತ್ರ ಯಾರೂ ಕಂಡಿಲ್ಲ. ಬೀಜ ಕಲ್ಲಿಗೆ ಅಂಟಿ ಮೊಳೆತರೂ ಮುಂದೆ ಬದುಕುವುದಕ್ಕೆ ಅದಕ್ಕೆ ದಾರಿಯಿಲ್ಲ.

ಗಾಳಿಮಳೆಗೆ ಮುರಿದುಬಿದ್ದ ಕೊಂಬೆಗಳು ಈ ಪಾಠಕ್ಕೆ ಒಳ್ಳೆಯ ಉಪಕರಣಗಳು. ಬುಟ್ಟಿಜರಿ ಇದ್ದ ಕೊಂಬೆಯಿಂದ ಕಾಂಡವನ್ನು ಮೆಲ್ಲಗೆ ಎಬ್ಬಿಸಿದರೆ ಬೇರುಗಳು ತೊಗಟೆಯ ಮೇಲ್ಪದರದಿಂದ, ಗೋಡೆಗೆ ಅಂಟಿಸಿದ ಕಾಗದ ಏಳುವಂತೆ, ಬಿಟ್ಟುಬರುತ್ತವೆ. ಕೆಳಗಿನ ತೊಗಟೆಗೆ ಗಾಯವಾಗಿರುವುದಿಲ್ಲ. ಬಂದಳಿಕೆಯ ಗಂಟನ್ನು ಅಧ್ಯಾಪಕರೇ ಕತ್ತಿಯಿಂದ ಉದ್ದಕ್ಕೆ ಸೀಳಿ ತೋರಿಸಿದರೆ ಎರಡು ಸಸ್ಯಗಳ ಕಟ್ಟಿಗೆ ಒಂದರೊಳಗೊಂದು ಹೊಕ್ಕಿರುವುದು ಕಾಣುತ್ತದೆ. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ಹತ್ತು ನಿಮಿಷ ಸುಮ್ಮನಿರುವುದು ಒಳ್ಳೆಯದು. ಮಕ್ಕಳು ಮಾತಾಡಲಿ.

ಮೂರನೆಯ ಉದಾಹರಣೆಯೊಂದನ್ನು ಮಕ್ಕಳೇ ಎತ್ತುವ ಸಂಭವವಿದೆ. ತಾಳೆಮರದ ಮೇಲೆ ಹುಟ್ಟಿದ ಆಲ, ಹಳೆಯ ಗುಡಿಯ ಗೋಪುರದ ಮೇಲೆ ಹುಟ್ಟಿದ ಅರಳಿ ಯಾವ ಗುಂಪಿಗೆ ಸೇರುತ್ತವೆ? ಇವು ಬಾಲ್ಯದಲ್ಲಿ ಅಪ್ಪುಗಿಡಗಳು. ಆಮೇಲೆ ನೆಲಕ್ಕೆ ಬೇರಿಳಿಸಿ ಸ್ವತಂತ್ರವಾಗುತ್ತವೆ. ಆಲದ ಬೇರುಗಳು ಆಶ್ರಯವಿತ್ತ ಮರವನ್ನು ಸುತ್ತುವರಿದು ಬಿಗಿಯುತ್ತ ಕೊನೆಗೆ ಅದನ್ನು ಕೊಲ್ಲುವುದೂ ಉಂಟು. ರಸ ಹೀರದೆಯೂ ಕೊಲ್ಲಬಹುದು ಎಂಬುದು ಇಲ್ಲಿನ ಸ್ವಾರಸ್ಯ. ಎರಡೇ ಗುಂಪುಗಳಲ್ಲಿ ನಿಸರ್ಗವನ್ನು ಹಂಚಿಡಲು ಹೋದವರಿಗೆ ಆಲ ಯಾವಾಗಲೂ ತೊಡಕು.

ಹಾಗಾದರೆ ಬುಟ್ಟಿಜರಿಯಿಂದ ಮರಕ್ಕೆ ಕಿಂಚಿತ್ತೂ ಹಾನಿಯಿಲ್ಲವೆ? ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಸ್ವಲ್ಪ ಉದ್ದ. ರಸ ಹೀರುವ ಹಾನಿ ಇಲ್ಲ. ಆದರೆ ಮಳೆಗಾಲದಲ್ಲಿ ನೀರುಂಡ ದೊಡ್ಡ ಗುಂಪಿನ ಭಾರ ಕಡಮೆಯದಲ್ಲ. ಮೊದಲೇ ಟೊಳ್ಳಾದ ಕೊಂಬೆ ಆ ಭಾರಕ್ಕೆ ಮುರಿಯಬಹುದು. ಶಾಲೆಯ ಮಾಡಿನ ಮೇಲೆ ಚಾಚಿದ ಕೊಂಬೆಯಾದರೆ ಅದನ್ನು ಗಮನಿಸಬೇಕಾದ್ದೇ. ಇದು ತೂಕದ ಪ್ರಶ್ನೆ, ಪರಾವಲಂಬನೆಯ ಪ್ರಶ್ನೆಯಲ್ಲ. ಎರಡನ್ನೂ ಬೇರೆಬೇರೆಯಾಗಿ ತೂಗಲು ಕಲಿತ ವಿದ್ಯಾರ್ಥಿ ಮುಂದೆ ತೋಟದ ಯಜಮಾನನಾದಾಗ ಕತ್ತಿ ಎತ್ತುವ ಮುನ್ನ ಒಂದು ಗಳಿಗೆ ಯೋಚಿಸಿಯಾನು.

ಎಲ್ಲ ಮರಗಳ ಮೇಲೂ ಬುಟ್ಟಿಜರಿ ಏಕೆ ಬೆಳೆಯುವುದಿಲ್ಲ ಎಂಬುದನ್ನು ಮನೆಗೆಲಸವಾಗಿ ಕೊಡಬಹುದು. ಮಾವು, ಹಲಸು, ತೆಂಗುಗಳ ಒರಟು ಮೈಯಲ್ಲಿ ತೇವವೂ ಧೂಳೂ ನಿಲ್ಲುವ ಸಂದುಗಳಿವೆ. ನೀಲಗಿರಿ ಮರ ವರ್ಷವರ್ಷವೂ ತನ್ನ ತೊಗಟೆಯನ್ನು ಸುಲಿದುಹಾಕುತ್ತದೆ; ಅಂಟಿದ್ದೆಲ್ಲ ತೊಗಟೆಯೊಡನೆ ಕೆಳಗೆ ಬೀಳುತ್ತದೆ. ನೀಲಗಿರಿ ಜಿಲ್ಲೆಯ ಅಧ್ಯಾಪಕರಿಗೆ ಈ ಹೋಲಿಕೆ ಕೈಯಳತೆಯಲ್ಲೇ ಇದೆ: ಒಂದೇ ರಸ್ತೆಯ ಈ ಬದಿಯ ಶೋಲಾ ಕಾಡಿನ ಮರಗಳ ಮೈತುಂಬ ಪಾಚಿ, ಜರಿ, ಆ ಬದಿಯ ನೆಡುತೋಪಿನ ನೀಲಗಿರಿ ಮರಗಳ ಮೈ ಬೋಳು.

ಗಿಡ ಮರವೇರುವ ಬಗೆಯನ್ನು ವಿವರಿಸದಿದ್ದರೆ ಪಾಠ ಅಪೂರ್ಣ. ಜರೀಗಿಡಗಳಿಗೆ ಹೂವಿಲ್ಲ, ಬೀಜವಿಲ್ಲ. ಉದ್ದನೆಯ ಎಲೆಯ ಅಡಿಯನ್ನು ತಿರುಗಿಸಿದರೆ ಕಂದುಬಣ್ಣದ ಚುಕ್ಕೆಗಳು ಕಾಣುತ್ತವೆ. ರೋಗ ತಗಲಿದೆಯೆಂದೋ ಹುಳುವಿನ ಮೊಟ್ಟೆಯೆಂದೋ ಮಕ್ಕಳು ಭಾವಿಸುವುದು ಸಹಜ. ಪ್ರತಿಯೊಂದು ಚುಕ್ಕೆಯೂ ಬೀಜಾಣುಗಳ ಚೀಲಗಳ ಗೊಂಚಲು. ಬಲಿತ ಎಲೆಯ ತುಂಡೊಂದನ್ನು ಅಡಿಭಾಗ ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು, ಮೇಲೊಂದು ಪುಸ್ತಕವನ್ನು ಹಗುರಾಗಿ ಹೇರಿ, ಫ್ಯಾನಿನ ಗಾಳಿ ತಾಗದೆಡೆಯಲ್ಲಿ ಒಂದೆರಡು ದಿನ ಬಿಟ್ಟರೆ ಕಾಗದದ ಮೇಲೆ ಹಳದಿಗಂದು ಪುಡಿಯಲ್ಲಿ ಚುಕ್ಕೆಗಳ ಪಡಿಯಚ್ಚು ಮೂಡುತ್ತದೆ. ಖರ್ಚಿಲ್ಲದ ಈ ಪ್ರಯೋಗ ತಪ್ಪುವುದು ಎಲೆ ಎಳೆಯದಾಗಿದ್ದರೆ, ಇಲ್ಲವೆ ಚೀಲಗಳು ಆಗಲೇ ಒಡೆದು ಬರಿದಾಗಿದ್ದರೆ ಮಾತ್ರ.

ಬೀಜಾಣು ಗಾಳಿಯಲ್ಲಿ ತೇಲಿ ತೇವವಿರುವ ತೊಗಟೆಗೋ ಬಂಡೆಯ ಪಾಚಿಗೋ ಅಂಟಿದರೆ ಮೊಳೆಯುತ್ತದೆ. ಆದರೆ ನೇರವಾಗಿ ಬುಟ್ಟಿಜರಿಯಾಗುವುದಿಲ್ಲ. ಹೃದಯದ ಆಕಾರದ, ಉಗುರಿಗಿಂತ ದೊಡ್ಡದಲ್ಲದ ಹಸಿರು ಪೊರೆಯೊಂದು ಮೊದಲು ಹುಟ್ಟುತ್ತದೆ. ಗಂಡು, ಹೆಣ್ಣು ಜೀವಕಣಗಳು ಅದರ ಮೇಲೆ ರೂಪುಗೊಳ್ಳುತ್ತವೆ. ಗಂಡುಕಣ ಹೆಣ್ಣುಕಣವನ್ನು ತಲಪುವುದು ಈಜಿಕೊಂಡು. ಅದಕ್ಕೆ ನೀರಿನ ತೆಳುಪದರ ಬೇಕೇಬೇಕು. ಅವು ಕೂಡಿದ ಬಳಿಕವೇ ನಮಗೆ ಪರಿಚಿತವಾದ ಗಿಡ ತಲೆಯೆತ್ತುವುದು. ಮಳೆನಾಡಿನಲ್ಲಿ ಈ ಗಿಡ ಹೇರಳವಾಗಿರುವುದಕ್ಕೂ ಬಯಲಿನಲ್ಲಿ ವಿರಳವಾಗಿರುವುದಕ್ಕೂ ಇದೊಂದು ಕಾರಣ. ಪಠ್ಯಪುಸ್ತಕಗಳಲ್ಲಿ ‘ತಲೆಮಾರುಗಳ ಪರ್ಯಾಯ’ ಎಂಬ ಶೀರ್ಷಿಕೆಯ ಕೆಳಗೆ ಬಾಣದ ಗುರುತುಗಳೊಡನೆ ಬರುವ ಚಿತ್ರ ಇದೇ. ಮರದಡಿಯಲ್ಲಿ ನಿಂತು ಹೇಳಿದರೆ ಆ ಬಾಣಗಳಿಗೆ ಅರ್ಥ ಬರುತ್ತದೆ.

ಇನ್ನು ಹೆಸರುಗಳ ವಿಚಾರ. ಗಡಿಯಾಚೆಯ ಕನ್ನಡ ಶಾಲೆಗೆ ಇದು ಗೌಣವಲ್ಲ. ಕಾಸರಗೋಡಿನ ಒಂದು ತರಗತಿಯಲ್ಲಿ ಮನೆಮಾತಾಗಿ ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಆಡುವ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಗಿಡದ ಹೆಸರನ್ನು ಅಜ್ಜಿಯ ಬಾಯಲ್ಲಿ ಕೇಳಿದ ಮಗು ಕನ್ನಡದ ಪಾಠದಲ್ಲಿ ಆ ಹೆಸರು ಬಾರದಿದ್ದಾಗ, ಅಜ್ಜಿಗೆ ಗೊತ್ತಿರುವುದು ಶಾಲೆಗೆ ಬೇಡವಾದ ಸಂಗತಿಯೆಂದು ತಿಳಿಯುತ್ತದೆ. ಹಾಗೆ ತಿಳಿದ ಮೇಲೆ ಆ ಮಗು ತರಗತಿಯಲ್ಲಿ ತಾನಾಗಿ ಬಾಯಿಬಿಡುವುದು ಅಪರೂಪ.

ಮುನ್ನೂರು ವರ್ಷಗಳಿಗೂ ಹಿಂದೆ ಇದೇ ಮಲಬಾರಿನ ತೀರದಲ್ಲಿ ಇದಕ್ಕೆ ಬೇರೆಯೇ ಮಾದರಿಯೊಂದು ರೂಪುಗೊಂಡಿತ್ತು. ಕೊಚ್ಚಿಯಲ್ಲಿ ಡಚ್ಚರ ಆಡಳಿತಾಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಈ ಕರಾವಳಿಯ ಸಸ್ಯಗಳ ಕುರಿತು ‘ಹಾರ್ಟಸ್ ಮಲಬಾರಿಕಸ್’ ಎಂಬ ಬೃಹದ್ಗ್ರಂಥವನ್ನು ಸಿದ್ಧಪಡಿಸಿದನು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅದರ 12 ಸಂಪುಟಗಳು ಪ್ರಕಟವಾದವು. ಕೊನೆಯ ಸಂಪುಟ ಹೊರಬರುವ ಹೊತ್ತಿಗೆ ರೀಡ್ ತೀರಿಕೊಂಡು ಎರಡು ವರ್ಷಗಳಾಗುತ್ತ ಬಂದಿದ್ದವು. ಅದರೊಳಗಿನ ಅರಿವು ರೀಡನದಲ್ಲ. ಇಟ್ಟಿ ಅಚ್ಯುದನ್ ಎಂಬ ಈಳವ ವೈದ್ಯನೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಕೊಂಕಣಿ ವೈದ್ಯರೂ ತಿಳಿಸಿದ ಅರಿವು ಅದು. ಚಿತ್ರಗಳ ಮೇಲೆ ಗಿಡದ ಹೆಸರನ್ನು ರೋಮನ್, ಮಲಯಾಳ, ಅರಬಿ, ನಾಗರಿ ಲಿಪಿಗಳಲ್ಲಿ ಕೆತ್ತಲಾಗಿದೆ. ಕೊನೆಯ ಸಂಪುಟದಲ್ಲಿ ‘ಪನ್ನ ಕೆಳೆಂಗು ಮರವರ’ ಎಂದು ಕರೆಯಲಾದ ಗಿಡ ನಮ್ಮ ಬುಟ್ಟಿಜರಿಯೇ ಎಂದು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ಪನ್ನ ಎಂದರೆ ಜರಿ, ಕೆಳೆಂಗು ಎಂದರೆ ಗೆಡ್ಡೆ, ಮರ ನಮ್ಮ ಮರವೇ. ಓಕ್ ಎಲೆಯ ಹೆಸರಿಗಿಂತ ಈ ಹಳೆಯ ಹೆಸರೇ ಗಿಡವನ್ನು ಹೆಚ್ಚು ಚೆನ್ನಾಗಿ ಕಣ್ಣಮುಂದೆ ನಿಲ್ಲಿಸುತ್ತದೆ ಎನ್ನಲು ಸಂಕೋಚಪಡಬೇಕಾದ್ದಿಲ್ಲ.

ತಮಿಳುನಾಡಿನಲ್ಲಿ ಇದರ ಗೆಡ್ಡೆಗೆ ‘ಮುಡವಾಟ್ಟುಕ್ಕಾಲ್’ ಎಂಬ ಹೆಸರು. ಹೊಸೂರು, ತಾಳವಾಡಿಗಳ ಮಕ್ಕಳು ಇದನ್ನು ಕೇಳಿರಲಿಕ್ಕೂ ಸಾಕು. ಆಟ್ಟುಕ್ಕಾಲ್ ಎಂದರೆ ಆಡಿನ ಕಾಲು; ಆಡು, ಕಾಲು ಎರಡೂ ಕನ್ನಡದ ಪದಗಳೂ ಹೌದು. ರೋಮ ತುಂಬಿದ ಕಾಂಡವನ್ನು ನೋಡಿದವರು ಈ ಹೆಸರನ್ನು ಒಪ್ಪದಿರಲಾರರು. ಮುಡವನ್ ಎಂದರೆ ಕುಂಟ. ನಡೆಯಲಾರದವನನ್ನು ನಡೆಸುವ ಗೆಡ್ಡೆಯೆಂಬ ನಂಬಿಕೆ ಆ ಭಾಗದಲ್ಲಿ ಅಡಗಿದೆ. ಒಂದು ಹೆಸರನ್ನು ಹೀಗೆ ಬಿಡಿಸಿ ತೋರಿಸಿದರೆ ಭಾಷೆಯ ಪಾಠವೂ ವಿಜ್ಞಾನದ ಪಾಠವೂ ಒಂದೇ ಅವಧಿಯಲ್ಲಿ ಸಾಗುತ್ತವೆ.

ನಾಮಕ್ಕಲ್ ಜಿಲ್ಲೆಯ ಕೊಲ್ಲಿಮಲೆಯಲ್ಲಿ, ಸೇಲಂ ಬಳಿಯ ಏರ್ಕಾಡಿನಲ್ಲಿ ಈ ಗೆಡ್ಡೆಯನ್ನು ರಸ್ತೆಯಂಚಿನಲ್ಲಿ ರಾಶಿಹಾಕಿ ಮಾರುತ್ತಾರೆ. ಮೇಲಿನ ರೋಮವನ್ನು ಹೆರೆದು, ಜಜ್ಜಿ, ಮೆಣಸು ಜೀರಿಗೆಗಳೊಡನೆ ಕುದಿಸಿ ಸೂಪು ಮಾಡಿ ಪ್ರವಾಸಿಗರಿಗೆ ಕೊಡುವ ಅಂಗಡಿಗಳೂ ಇವೆ. ಮೊಣಕಾಲು ನೋವಿಗೆ ಇದು ಮದ್ದೆಂಬ ಖ್ಯಾತಿ ದೊಡ್ಡದು. ಇದರದೇ ಹತ್ತಿರದ ಸಂಬಂಧಿಯಾದ ಇನ್ನೊಂದು ಡ್ರೈನೇರಿಯಕ್ಕೆ ಚೀನದ ಸಾಂಪ್ರದಾಯಿಕ ವೈದ್ಯದಲ್ಲಿ ‘ಮುರಿದ ಮೂಳೆ ಕೂಡಿಸುವುದು’ ಎಂಬರ್ಥದ ಹೆಸರಿರುವುದು ಕುತೂಹಲಕರ. ದೂರದೂರದ ಎರಡು ನಾಡುಗಳಲ್ಲಿ ಮೂಳೆ, ಕೀಲುಗಳ ನೋವಿಗೇ ಈ ಗಿಡಗಳನ್ನು ಜನ ನೆನೆದಿದ್ದಾರೆ.

ಈ ವಿಷಯವನ್ನು ತರಗತಿಯಲ್ಲಿ ಎತ್ತಿಕೊಂಡಾಗ ಅಧ್ಯಾಪಕರು ಎರಡು ತುದಿಗಳನ್ನೂ ತಪ್ಪಿಸಬೇಕು. ಅಜ್ಜಿಯ ಮದ್ದೆಲ್ಲ ಮೂಢನಂಬಿಕೆಯೆಂದು ತಳ್ಳಿಬಿಡುವುದು ಒಂದು ತುದಿ. ಸೂಪು ಕುಡಿದರೆ ನೋವು ಮಾಯವೆಂದು ಶಾಲೆಯಲ್ಲೇ ಸಾರುವುದು ಇನ್ನೊಂದು. ಗೆಡ್ಡೆಯ ಸಾರವನ್ನು ಪ್ರಯೋಗಾಲಯಗಳಲ್ಲಿ ಸೂಕ್ಷ್ಮಜೀವಿಗಳ ಮೇಲೆ, ಪ್ರಯೋಗಪ್ರಾಣಿಗಳ ಊತದ ಮೇಲೆ ಪರೀಕ್ಷಿಸಲಾಗಿದೆ. ಪರಿಣಾಮ ಕಂಡುಬಂದ ವರದಿಗಳೂ ಇವೆ. ಅಲ್ಲಿಂದ ಮನುಷ್ಯನ ರೋಗಕ್ಕೆ ಔಷಧವೆಂದು ಸಿದ್ಧಪಡಿಸುವವರೆಗಿನ ದಾರಿ ದೀರ್ಘವಾದುದು. ಜನ ನಂಬುವುದೇನು, ಪರೀಕ್ಷೆಯಲ್ಲಿ ಕಂಡದ್ದೇನು, ಇನ್ನೂ ಸಿದ್ಧವಾಗಬೇಕಾದದ್ದೇನು ಎಂದು ಮೂರು ಅಂಕಣ ಎಳೆದು ಮಕ್ಕಳಿಂದಲೇ ತುಂಬಿಸಬಹುದು.

ಗೆಡ್ಡೆಯನ್ನು ಕಿತ್ತರೆ ಗಿಡವೇ ಹೋಯಿತು. ಎಲೆ ಕಿತ್ತರೆ ಮತ್ತೆ ಚಿಗುರುತ್ತದೆ, ಬುಟ್ಟಿ ಹರಿದರೆ ಇನ್ನೊಂದು ಮೂಡುತ್ತದೆ. ಆದರೆ ಆಹಾರವನ್ನು ಕೂಡಿಟ್ಟದ್ದೂ ಮುಂದಿನ ಎಲೆಗಳ ಮೊಗ್ಗುಗಳಿರುವುದೂ ಆ ಕಾಂಡದಲ್ಲೇ. ಬೀಜಾಣುವಿನಿಂದ ಹೊಸ ಗಿಡ ಬಂದು ಕೀಳುವಷ್ಟು ದಪ್ಪವಾಗಲು ವರ್ಷಗಳು ಬೇಕು. ಮಾರುವ ಕುಟುಂಬಗಳಿಗೆ ಅದೊಂದು ವರಮಾನವೆಂಬುದನ್ನೂ ಮರೆಯುವಂತಿಲ್ಲ. ಹೀಗಿರುವಾಗ ಕಾಂಡದ ಒಂದು ಭಾಗವನ್ನು ಮರದ ಮೇಲೆಯೇ ಬಿಟ್ಟು ಉಳಿದುದನ್ನು ಕೊಯ್ಯಲು ಸಾಧ್ಯವೆ, ತುಂಡುಗಳನ್ನು ಬೇರೆ ಮರಕ್ಕೆ ಕಟ್ಟಿ ಬೆಳೆಸಲು ಸಾಧ್ಯವೆ ಎಂಬ ಪ್ರಶ್ನೆಗಳನ್ನು ಮಕ್ಕಳ ಮುಂದಿಡಬಹುದು. ಗಾಳಿಗೆ ಬಿದ್ದ ಗುಂಪಿನ ತುಂಡೊಂದನ್ನು ತೆಂಗಿನ ನಾರಿನಿಂದ ಶಾಲೆಯ ಮರಕ್ಕೆ ಕಟ್ಟಿ, ಮಳೆಗಾಲವಿಡೀ ಗಮನಿಸಿ, ಹೊಸ ಬುಟ್ಟಿ ಮೂಡಿದ ದಿನವನ್ನು ಗೋಡೆಪತ್ರಿಕೆಯಲ್ಲಿ ಬರೆಯಿಸುವುದು ಒಂದು ಒಳ್ಳೆಯ ಚಟುವಟಿಕೆ.

ಸುರಕ್ಷತೆಯ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. ಮಕ್ಕಳನ್ನು ಮರಕ್ಕೆ ಹತ್ತಿಸಬಾರದು. ಬುಟ್ಟಿಯೊಳಗೆ ಬರಿಗೈ ಹಾಕಬಾರದು. ಕೆಂಪಿರುವೆ, ಚೇಳು, ಶತಪದಿಗಳಿಗೆ ಅದು ಹಿತವಾದ ತಾಣ. ಬಿದ್ದ ಗುಂಪನ್ನು ಬಿಳಿಯ ಬಟ್ಟೆಯ ಮೇಲಿಟ್ಟು ಕಡ್ಡಿಯಿಂದ ಬಿಡಿಸಿ, ಒಳಗೆ ಸಿಕ್ಕಿದ್ದನ್ನೆಲ್ಲ ಪಟ್ಟಿಮಾಡಿಸಬೇಕು. ಪಟ್ಟಿಯಲ್ಲಿ ಮಾವಿನ ಎಲೆಯೊಡನೆ ಚಾಕಲೇಟಿನ ಹೊದಿಕೆಯೂ ಸೇರಿದ್ದರೆ ಅದನ್ನೂ ಬರೆಯಲಿ.

ಇಷ್ಟರವರೆಗಿನ ಮಾತೆಲ್ಲ ಮಳೆನಾಡಿನದಾಯಿತೆಂದು ಅಕ್ಕಲಕೋಟೆ, ಜತ್ತ, ರಾಯದುರ್ಗ, ಮಡಕಶಿರಾ ಕಡೆಯ ಅಧ್ಯಾಪಕರು ಭಾವಿಸಿದರೆ ಅದು ನ್ಯಾಯವೇ. ಅಲ್ಲಿನ ಬೇವು, ಹುಣಿಸೆಗಳ ಮೇಲೆ ಬುಟ್ಟಿಜರಿಯನ್ನು ಹುಡುಕುವುದು ವ್ಯರ್ಥ. ಆದರೆ ಬಂಡೆಯ ಸಂದುಗಳಲ್ಲಿ, ಹಳೆಯ ಕೋಟೆ, ಬಾವಿಗಳ ಗೋಡೆಬಿರುಕುಗಳಲ್ಲಿ ಬೇರೊಂದು ಜರೀಗಿಡವನ್ನು ಅವರು ಹುಡುಕಬಹುದು. ಅದು ಆಕ್ಟಿನಿಯಾಪ್ಟೆರಿಸ್, ಮಯೂರಶಿಖೆ ಎಂಬ ಹೆಸರೂ ಅದಕ್ಕಿದೆ. ಈ ಹೆಸರನ್ನು ಬೇರೆ ಗಿಡಗಳಿಗೂ ಹೇಳುವುದರಿಂದ ರೂಪವನ್ನು ನೋಡಿಯೇ ಗುರುತಿಸಬೇಕು. ಗೇಣುದ್ದವೂ ಇಲ್ಲದ ಗಿಡ. ಪ್ರತಿಯೊಂದು ಕಡ್ಡಿಯ ತುದಿಯಲ್ಲಿ ಬೀಸಣಿಗೆಯಂತೆ ಹರಡಿದ, ಎರಡೆರಡಾಗಿ ಕವಲೊಡೆದ ಎಲೆ. ತಾಳೆಯ ಗರಿಯನ್ನು ಯಾರೋ ಬೆರಳುದ್ದಕ್ಕೆ ಕುಗ್ಗಿಸಿ ನೆಟ್ಟಂತೆ ಕಾಣುತ್ತದೆ.

ಇದಕ್ಕೆ ಬುಟ್ಟಿಯಿಲ್ಲ, ನೀರು ಕೂಡಿಡುವ ದಪ್ಪ ಕಾಂಡವೂ ಇಲ್ಲ. ಬರವನ್ನು ಇದು ಎದುರಿಸುವ ಉಪಾಯವೇ ಬೇರೆ. ನೀರು ತೀರಿದಾಗ ಎಲೆಯ ಸೀಳುಗಳು ಒಳಕ್ಕೆ ಸುರುಳಿಗೊಂಡು ಮುದುಡುತ್ತವೆ, ಬಣ್ಣ ಕಳೆದುಕೊಂಡು ಒಣಹುಲ್ಲಿನಂತಾಗುತ್ತವೆ. ಹೆಚ್ಚಿನ ಗಿಡಗಳ ಎಲೆ ಈ ಸ್ಥಿತಿಗೆ ಬಂದರೆ ಮತ್ತೆ ಬದುಕುವುದಿಲ್ಲ. ಮಯೂರಶಿಖೆಯ ಜೀವಕೋಶಗಳು ಆ ಒಣಗುವಿಕೆಯನ್ನು ತಾಳಿಕೊಳ್ಳಬಲ್ಲವು. ಮಳೆ ಬಿದ್ದಾಗ ಅದೇ ಎಲೆ ಬಿಚ್ಚಿಕೊಂಡು ಮತ್ತೆ ಹಸಿರಾಗಿ ಕೆಲಸಕ್ಕೆ ತೊಡಗುತ್ತದೆ. ಇಲ್ಲಿಯೂ ಸಾಕ್ಷಿಯಾಗಿರುವುದು ಕಲ್ಲೇ: ಹೀರಲು ಏನೂ ಇಲ್ಲದೆಡೆಯಲ್ಲಿ ಗಿಡ ನಿಂತಿದೆ.

ಬೇಸಗೆಯ ರಜೆಗೆ ಮುನ್ನ ಮುದುಡಿದ ಗಿಡವೊಂದನ್ನು ಸ್ವಲ್ಪ ಮಣ್ಣಿನೊಡನೆ ಎಬ್ಬಿಸಿ ತಂದು, ಸಂಜೆ ಶಾಲೆ ಬಿಡುವ ಹೊತ್ತಿಗೆ ಎಲೆಗಳೂ ತೋಯುವಂತೆ ಒದ್ದೆ ಬಟ್ಟೆ ಮುಚ್ಚಿ, ನೀರಿನ ತಟ್ಟೆಯಲ್ಲಿಟ್ಟು ಹೋಗಬೇಕು. ಮಕ್ಕಳು ಒಣಗಿದ ರೂಪದ ಚಿತ್ರವನ್ನು ಆ ಸಂಜೆಯೇ ಬರೆದಿಟ್ಟಿರಬೇಕು. ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಬಟ್ಟೆ ತೆಗೆದು ಪಕ್ಕದ ಪುಟದಲ್ಲಿ ಎರಡನೆಯ ಚಿತ್ರ ಬರೆಸಬಹುದು. ಪೂರ್ತಿ ಬಿಚ್ಚಿಕೊಳ್ಳದಿದ್ದರೆ ಇನ್ನೊಂದು ದಿನ ಕಾಯಬೇಕು. ಆಮೇಲೆ ಗಿಡವನ್ನು ತಂದ ಬಿರುಕಿನಲ್ಲೇ ಮರಳಿ ಇರಿಸಿ, ಬುಡಕ್ಕೆ ಒಂದಿಷ್ಟು ಮಣ್ಣು ಒತ್ತಿ ಬರುವ ಕೆಲಸವನ್ನು ಇಬ್ಬರು ಮಕ್ಕಳಿಗೆ ವಹಿಸುವುದು.